ಕಿಟಕಿ ಕಡೆಯ ಮೂಲೆ

ತಿಪಟೂರಿನ ಬಸವರಾಜಪ್ಪನವರು ಸೊಸೆಯನ್ನು ಹೊಗಳಲು ಶುರುವಿಟ್ಟರೆಂದರೆ ಅವರ ಕೊಬ್ಬರಿ ಅಂಗಡಿಯಲ್ಲಿ ತೂಕ ಅರ್ಧಕ್ಕೇ ನಿಲ್ಲುತ್ತಿತ್ತು. "ನಮ್ ದಾನು ಕೈ ಐತಲ್ಲ, ಬಂಗಾರ ಕಣ್ರಯ್ಯ. ಅಂಗೆ ಸ್ನೂಕರ್ ಆಡೋ ಹೆಣ್ಮಗಳು ಇಡೀ ಜಿಲ್ಲೇಲಿ ಇನ್ನೊಬ್ಳಿಲ್ಲ," ಎನ್ನುವರು. ಕೇಳುತ್ತಿದ್ದವರು ತಲೆದೂಗುವರು. ಅಷ್ಟಕ್ಕೇ ನಿಲ್ಲಿಸಿದ್ದರೆ ಯಾರಿಗೂ ಏನೂ ನಷ್ಟವಿರಲಿಲ್ಲ. ಆದರೆ ಈ ವರ್ಷ ಆ ಹೊಗಳಿಕೆಗೊಂದು ಬಾಲ ಬೆಳೆದಿತ್ತು. "ಏನ್ ಮಾಡಾದು, ಎದೆಗಾರಿಕೆ ಸಾಲ್ದು. ನಾಲ್ಕು ಜನದ ಮುಂದೆ ನಿಂತ್ರೆ ಹೆದರ್ಕೊಂಡ್ಬುಡ್ತಾಳೆ, ಪಾಪ." ಈ 'ಪಾಪ' ಎಂಬ ಮಾತು ಊರಿನಲ್ಲಿ ಎಷ್ಟು ಬೇಗ ಹರಡಿತೆಂದರೆ, ದಾನೇಶ್ವರಿ ತರಕಾರಿ ತರಲು ಹೋದರೆ ಸೊಪ್ಪಿನವಳೂ ಧೈರ್ಯ ಹೇಳಿ ಕಳಿಸುತ್ತಿದ್ದಳು.

ಆಟ ಕಲಿಸಿದ್ದೂ ಅವರೇ, ಅದನ್ನು ಮರೆಯಬಾರದು. ಬಸವರಾಜಪ್ಪನವರು ವಯಸ್ಸಿನಲ್ಲಿ ತುಮಕೂರಿನ ಕ್ಲಬ್ಬೊಂದರಲ್ಲಿ ಆಡಿ ಒಂದು ಬೆಳ್ಳಿ ಬಟ್ಟಲು ಗೆದ್ದವರು. ನಾಲ್ಕು ವರ್ಷದ ಹಿಂದೆ ಬಿ.ಎಚ್. ರಸ್ತೆಯ ಅಂಗಡಿಯ ಹಿಂಭಾಗದಲ್ಲಿ ಉದ್ದನೆಯ ಕೋಣೆ ಕಟ್ಟಿಸಿ, ಹನ್ನೆರಡಡಿ ಉದ್ದದ ಸ್ನೂಕರ್ ಟೇಬಲ್ಲು ಹಾಕಿಸಿದರು. ಸಂಜೆ ಊರಿನ ಹುಡುಗರು ದುಡ್ಡು ಕೊಟ್ಟು ಆಡುವರು. ಹಗಲು ಹನ್ನೊಂದರಿಂದ ಮೂರರವರೆಗೆ ಟೇಬಲ್ಲು ಸೊಸೆಯದು. "ಸೊಸೆ ಕೈಗೆ ಕೋಲು ಕೊಟ್ಟವ್ನೆ," ಎಂದು ನೆಂಟರಿಷ್ಟರು ಮೂಗು ಮುರಿದಾಗ ಮಾವ ಕ್ಯಾರೇ ಅನ್ನಲಿಲ್ಲ. ಎಡಗೈ ಹೇಗೆ ಊರಬೇಕು, ಉಸಿರು ಎಲ್ಲಿ ಹಿಡಿಯಬೇಕು, ಎಲ್ಲವನ್ನೂ ಕೂಸಿಗೆ ಅನ್ನ ಕಲಸಿ ಕೊಟ್ಟಂತೆ ಹೇಳಿಕೊಟ್ಟರು. ದಂಡಿನಶಿವರದಲ್ಲಿದ್ದ ಹೆತ್ತ ತಂದೆಗಿಂತ ಒಂದು ತೂಕ ಹೆಚ್ಚಾಗಿಯೇ ಅವಳು ಮಾವನನ್ನು ನಂಬಿದ್ದಳು. ಮುಂದೆ ಆದದ್ದು ಅಷ್ಟು ನೋಯಲು ಇದೇ ಕಾರಣ.

ಎರಡು ವರ್ಷದಲ್ಲಿ ಅವಳು ರಾಜ್ಯದ ಮಹಿಳಾ ಪಟ್ಟಿಯಲ್ಲಿ ಏಳನೆಯವಳಾದಳು. ಈ ಸಲದ ನಾಲ್ಕು ಟೂರ್ನಿಗಳಲ್ಲಿ ಚೆನ್ನಾಗಿ ಆಡಿದರೆ ರಾಷ್ಟ್ರಮಟ್ಟಕ್ಕೆ ಹೋಗುವ ನಾಲ್ವರ ತಂಡದಲ್ಲಿ ಜಾಗ ಖಾತ್ರಿ ಎಂದು ಎಲ್ಲರೂ ಅಂದುಕೊಂಡಿದ್ದರು. ಆಷಾಢದಲ್ಲಿ ತುಮಕೂರಿನ ಟೂರ್ನಿ ಬಂತು. ಎರಡನೇ ಸುತ್ತಿನಲ್ಲಿ ಸುಲಭದ ಕಪ್ಪು ಚೆಂಡೊಂದು ಮೆಲ್ಲಗೆ ಉರುಳಿ ಹೋಗಿ ಪಾಕೆಟ್ಟಿನ ತುಟಿಗೆ ತಾಗಿ ನಿಂತಿತು. ಸೋತಳು. ಗೌರಿ ಹಬ್ಬ ಕಳೆದು ಮೈಸೂರಿಗೆ ಹೋದಳು. ಅಲ್ಲೂ ಅದೇ ಕಥೆ. ಮನೆಗೆ ಬಂದು ಅದೇ ಹೊಡೆತವನ್ನು ಇಪ್ಪತ್ತು ಸಲ ಹೊಡೆದರೆ ಇಪ್ಪತ್ತೂ ಒಳಗೆ ಬೀಳುತ್ತಿದ್ದವು.

"ನೋಡಿದ್ಯಾ ತಾಯಿ," ಎಂದು ಮಾವ ಮೃದುವಾಗಿ ಹೇಳುವರು, "ಕೈಯಲ್ಲಿ ಏನೂ ಐಬಿಲ್ಲ. ಭಯ ಕಣಮ್ಮ, ಭಯ."

ದಾನೇಶ್ವರಿ ನಂಬಿದಳು. ಬೆಳಿಗ್ಗೆ ಎದ್ದು ಪ್ರಾಣಾಯಾಮ ಮಾಡಿದಳು. ಅತ್ತೆ ವಿಮಲಮ್ಮ ಹರಕೆ ಹೊತ್ತು ತೋಳಿಗೆ ತಾಯತ ಕಟ್ಟಿಸಿದರು. ಗಂಡ ಜ್ಞಾನೇಶ್ ಮೊಬೈಲಿನಲ್ಲಿ ಯಾರದೋ ಧೈರ್ಯದ ಭಾಷಣಗಳನ್ನು ಹುಡುಕಿ ಕಳಿಸುತ್ತಿದ್ದ. ಯಾವುದಕ್ಕೂ ಇಲ್ಲವೆನ್ನದೆ ಅವಳು ಔಷಧಿ ಕುಡಿದಂತೆ ಎಲ್ಲವನ್ನೂ ನುಂಗಿದಳು. ತನ್ನೊಳಗೆ ತನಗೇ ಕಾಣದ ಒಬ್ಬ ಪುಕ್ಕಲಿ ಕೂತಿದ್ದಾಳೆ ಎಂದು ನಂಬಿ ಬದುಕುವುದು ಎಂಥ ಅವಮಾನವೆಂದು ಅನುಭವಿಸಿದವರಿಗೇ ಗೊತ್ತು.

ದೀಪಾವಳಿ ಕಳೆದ ಮೇಲೆ ಹುಬ್ಬಳ್ಳಿಯಲ್ಲಿ ಮೂರನೆಯ ಟೂರ್ನಿ. ಅಲ್ಲಿ ಅವಳನ್ನು ಸೋಲಿಸಿದವರು ಹಾಸನದ ನಿರ್ಮಲಾ, ಐವತ್ತು ದಾಟಿದ ಶಾಲಾ ಮೇಡಂ. ಆಟ ಮುಗಿದ ಮೇಲೆ ಕಾಫಿ ಲೋಟ ತಂದು ಅವಳ ಪಕ್ಕ ಕೂತರು.

"ನನಗೆ ಧೈರ್ಯ ಸಾಲದು ಮೇಡಂ," ಎಂದಳು ದಾನೇಶ್ವರಿ, ಕೇಳುವ ಮೊದಲೇ.

"ಯಾರು ಹೇಳಿದ್ದು? ನಾನು ಮೂರು ಟೂರ್ನಿಯಿಂದ ನಿನ್ನ ಆಟ ನೋಡ್ತಿದೀನಿ ಕಣಮ್ಮ. ಹೆದರಿದೋರು ಒಂದ್ಸಲ ಎಡಕ್ಕೆ ತಪ್ತಾರೆ, ಒಂದ್ಸಲ ಬಲಕ್ಕೆ. ನೀನು ಕಪ್ಪು ಚೆಂಡಿಡೋ ತುದಿ ಕಡೆಗೆ ಹೊಡೆದಾಗೆಲ್ಲ ಎಡಕ್ಕೇ ತಪ್ತೀಯ. ಆ ತುದಿಯಿಂದ ತಿರುಗಿ ಹೊಡೆದ್ರೆ ಬಲಕ್ಕೆ. ಅಂದ್ರೆ ಟೇಬಲ್ಲಿನ ಒಂದೇ ಮಗ್ಗುಲಿಗೆ. ಅದೂ ಮೆಲ್ಲಗೆ ಹೊಡೆದಾಗ ಮಾತ್ರ. ಜೋರಾಗಿ ಹೊಡೆದದ್ದು ಒಂದೂ ತಪ್ಪಿಲ್ಲ." ನಿರ್ಮಲಾ ಕಾಫಿ ಗುಟುಕರಿಸಿದರು. "ಮನೇಲಿ ಯಾವ ಟೇಬಲ್ ಮೇಲೆ ಆಡ್ತೀಯ? ಅದನ್ನ ಒಂದ್ಸಲ ನೋಡಿಸು."

ರೈಲಿನಲ್ಲಿ ವಾಪಸಾಗುವಾಗ ಅವಳಿಗೆ ಮಾವನ ಟೇಬಲ್ಲನ್ನು ಅನುಮಾನಿಸುವುದೇ ಪಾಪವೆನ್ನಿಸಿತು. ಆದರೂ ಅನುಮಾನ ಎಂಬುದು ಕಣ್ಣಿಗೆ ಬಿದ್ದ ಧೂಳು. ಉಜ್ಜಿದಷ್ಟೂ ಕರಕರ ಎನ್ನುತ್ತದೆ.

ಪಕ್ಕದ ನಿವೇಶನದಲ್ಲಿ ಗಾರೆ ಕೆಲಸದ ಗಂಗರಾಜು ಕಾಂಪೌಂಡ್ ಎಬ್ಬಿಸುತ್ತಿದ್ದ. ಮಾರನೆಯ ದಿನ ಮಾವ ಮತ್ತು ಗಂಡ ಮಾರುಕಟ್ಟೆಗೆ ಹೋದ ಹೊತ್ತು ನೋಡಿ ದಾನೇಶ್ವರಿ ಅವನಿಂದ ರಸಮಟ್ಟ ಇಸಕೊಂಡು ಬಂದಳು. ಹಸಿರು ಬಟ್ಟೆಯ ಮೇಲೆ ಅದನ್ನು ಅಡ್ಡಕ್ಕಿಟ್ಟಾಗ ಒಳಗಿನ ಗುಳ್ಳೆ ನಡುಗೆರೆಯಲ್ಲಿ ನಿಲ್ಲದೆ ಕಿಟಕಿಗೆ ಎದುರಿನ ಗೋಡೆ ಕಡೆಗೆ ಸರಿಯಿತು. ಜಾಗ ಬದಲಿಸಿ ಇಟ್ಟಳು. ಮತ್ತೆ ಸರಿಯಿತು. ಬಿಳಿ ಚೆಂಡನ್ನು ಬೆರಳ ತುದಿಯಿಂದ ಒಂದಿಷ್ಟೇ ನೂಕಿದಳು. ಅದು ನೆಟ್ಟಗೆ ಹೋಗುತ್ತ ಹೋಗುತ್ತ, ಸುಸ್ತಾದ ಕಡೆ, ಕಿಟಕಿ ಇದ್ದ ಬಲಮಗ್ಗುಲಿಗೆ ಮೆಲ್ಲಗೆ ವಾಲಿ ನಿಂತಿತು. ಈ ವಾಲುವಿಕೆಗೆ ಸರಿಯಾಗಿ ಅವಳ ಕೈ ಎಡಕ್ಕೆ ಗುರಿ ಇಡುವುದನ್ನು ಕಲಿತುಬಿಟ್ಟಿತ್ತು. ಅವಳಿಗೇ ತಿಳಿಯದ ಹಾಗೆ, ದಿನಕ್ಕೊಂದು ಕೂದಲೆಳೆಯಷ್ಟು.

ಬಾಗಿಲಲ್ಲಿ ನಿಂತಿದ್ದ ಗಂಗರಾಜು ತಲೆ ಕೆರೆದುಕೊಂಡ. "ಆ ಮೂಲೆ ಇನ್ನೂ ಎತ್ತಿಸಿಲ್ವಾ? ಅದು ಹಳೇ ಮಟ್ಟೆ ಗುಂಡಿ ಅಲ್ವಾ ಅಕ್ಕಾ. ಕಾಯಿ ಸುಲಿದಿದ್ದ ಮಟ್ಟೆನೆಲ್ಲ ವರ್ಸಾನುಗಟ್ಲೆ ತುಂಬಿದ್ದ ಗುಂಡಿ. ಎಲ್ಲಾ ತೆಗ್ದು ಕಲ್ಲು ಮಣ್ಣು ತುಂಬಿಸ್ರಿ ಅಂತ ಈ ಕೋಣೆ ಕಟ್ಟುವಾಗ್ಲೇ ಬಡ್ಕಂಡೆ. 'ಏ, ತೆಂಗಿನ ನಾರು ನೂರು ವರ್ಸ ಕೊಳೆಯಾಕಿಲ್ಲ, ಹಾಕ್ಲಾ ಕಾಂಕ್ರೀಟು' ಅಂದ್ರು ದೊಡ್ಡ ಯಜಮಾನ್ರು. ಹೋದ ವರ್ಸದ ಮಳೆಗಾಲದಾಗೆ ಒಳಗೇ ಕೊಳೆತು ಕುಸೀತು."

"ಮಾವನಿಗೆ ಗೊತ್ತಾ?"

"ಗೊತ್ತಿಲ್ದೇ ಏನು! ನೀವು ಮೈಸೂರಿಗೆ ಹೋಗಿದ್ರಲ್ಲ, ಆವತ್ತು ಬೆಂಗ್ಳೂರಿಂದ ಟೇಬಲ್ ಮೇಸ್ತ್ರಿ ಬಂದು ನೋಡಿದ್ರು. ಟೇಬಲ್ಲಿನ ಕಲ್ಲು ಚಪ್ಪಡಿ ಬಿಚ್ಚಿ, ನೆಲ ಅಗೀಬೇಕು ಅಂದ್ರು. ಸಣ್ಣ ಯಜಮಾನ್ರೇ ಕೆಳಗೆ ಬಗ್ಗಿ ಟಾರ್ಚ್ ಹಿಡಿದಿದ್ರು." ಗಂಗರಾಜು ಅವಳ ಮುಖ ನೋಡಿದ. "ನಿಮ್ಗೆ ಹೇಳಿಲ್ವಾ ಅಕ್ಕಾ?"

ಮಧ್ಯಾಹ್ನ ಊಟಕ್ಕೆ ಬಂದ ಅಪ್ಪ ಮಗನನ್ನು ಅವಳು ಟೇಬಲ್ಲಿನ ಹತ್ತಿರಕ್ಕೇ ಕರೆದಳು. ರಸಮಟ್ಟವನ್ನು ಬಟ್ಟೆಯ ಮೇಲಿಟ್ಟಳು. ಬಸವರಾಜಪ್ಪನವರು ಗುಳ್ಳೆಯನ್ನು ನೋಡಲಿಲ್ಲ, ಕಿಟಕಿಯಾಚೆ ನೋಡಿದರು.

"ಯಾವಾಗಿಂದ ಗೊತ್ತು ಮಾವ?"

"ಒಂದು ಮೂಲೆ ಅಷ್ಟೇ ಕಣಮ್ಮ. ಅದರಿಂದೇನೂ ಅಂಥಾದ್ದಿಲ್ಲ."

"ಅದಕ್ಕೇ ನಾನು ಸೋತಿದ್ದು. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಊರೆಲ್ಲ ನಾನು ಪುಕ್ಕಲಿ ಅಂತ ಹೇಳಿಕೊಂಡು ಬಂದ್ರಿ."

"ಇನ್ನೇನ್ ಹೇಳ್ಲಿ? ಬಸವರಾಜಪ್ಪ ಮಟ್ಟೆ ಗುಂಡಿ ಮೇಲೆ ಟೇಬಲ್ ಕೂರಿಸವ್ನೆ ಅಂತ ಹೇಳ್ಲಾ?" ಅವರ ದನಿ ಏರಿತು. "ಪ್ರಾರಂಭಕ್ಕೆ ಇಡೀ ಮಂಡಿನೇ ಬಂದಿತ್ತು. ಮೂವತ್ತು ವರ್ಸದಿಂದ ಎಲ್ರಿಗೂ ಬುದ್ಧಿ ಹೇಳಿರೋ ಬಾಯಿ ಇದು."

ಅವಳು ಗಂಡನ ಕಡೆ ತಿರುಗಿದಳು. ಮಾವನಿಗಾದರೂ ತನ್ನ ಜಂಬ ದೊಡ್ಡದು, ಸರಿ. ಇವನು? ಸೋತು ಬಂದು ಇವನ ಹೆಗಲ ಮೇಲೆ ತಲೆಯಿಟ್ಟು ಅತ್ತಾಗ ಬೆನ್ನು ತಟ್ಟಿದವನು, ಕೆಳಗೆ ಬಗ್ಗಿ ಟಾರ್ಚ್ ಹಿಡಿದ ಕೈಯಲ್ಲೇ ತಟ್ಟಿದ್ದ.

"ಅಪ್ಪಾಜಿ ಮರ್ಯಾದೆ ಪ್ರಶ್ನೆ ಕಣೇ," ಎಂದ ಜ್ಞಾನೇಶ್, ನೆಲ ನೋಡುತ್ತ. "ಸೀಸನ್ ಮುಗೀಲಿ, ಆಮೇಲೆ ಸರಿ ಮಾಡ್ಸಾಣ ಅಂತಿದ್ದೆ."

ದಾನೇಶ್ವರಿ ಆ ದಿನ ಅಳಲಿಲ್ಲ. ಟೇಬಲ್ ಎತ್ತಿಸಿ ಎಂದೂ ಕೇಳಲಿಲ್ಲ. ಅವಳು ಕೇಳಿದ್ದು ಒಂದೇ ಒಂದು ಮಾತು: ಇವಳು ಹೆದರಿ ಸೋತದ್ದಲ್ಲ, ನನ್ನ ಟೇಬಲ್ಲು ವಾಲಿತ್ತು ಎಂದು ಮಾವ ಊರವರ ಮುಂದೆ ಹೇಳಬೇಕು. ಬಸವರಾಜಪ್ಪನವರು ಎರಡು ದಿನ ಊಟವನ್ನು ಅಂಗಡಿಗೇ ತರಿಸಿಕೊಂಡರು. ಮೂರನೆಯ ದಿನ ತಾವಾಗಿ ಬಂದು ಅವಳ ತಲೆಯ ಮೇಲೆ ಕೈಯಿಟ್ಟರು.

"ಈಗ ಹೇಳಿದ್ರೆ ಸೋತೋಳ ಸಬೂಬು ಅಂತಾರೆ ತಾಯಿ. ನೀನು ಬೆಂಗ್ಳೂರಲ್ಲಿ ಗೆದ್ದು ತಂಡ ಸೇರು. ಸನ್ಮಾನ ನಾನೇ ಇಟ್ಕಂತೀನಿ. ಅಲ್ಲಿ, ಎಲ್ರ ಮುಂದೆ, ಮೈಕ್ ಹಿಡ್ಕಂಡು ನಾನೇ ಹೇಳ್ತೀನಿ. ಇದು ನನ್ ಮಾತು." ಜ್ಞಾನೇಶನೂ ಪಕ್ಕದಲ್ಲಿ ನಿಂತು, "ನಾನು ಗ್ಯಾರಂಟಿ ಕಣೇ," ಎಂದ. ಇಷ್ಟಾದ ಮೇಲೂ ಅವಳು ಮತ್ತೆ ನಂಬಿದಳಲ್ಲ, ಅದಕ್ಕೆ ಏನೆನ್ನಬೇಕೋ!

ಅವಳು ಮನೆಯ ಟೇಬಲ್ಲನ್ನು ಮುಟ್ಟುವುದನ್ನು ಬಿಟ್ಟಳು. ದಿನಾ ಬೆಳಿಗ್ಗೆ ಅಡುಗೆ ಮುಗಿಸಿ, ಬಸ್ಸು ಹತ್ತಿ, ತುಮಕೂರಿನ ಕ್ಲಬ್ಬಿಗೆ ಹೋಗಿ ಆಡಿ ಬರುತ್ತಿದ್ದಳು. ಕಲಿತದ್ದನ್ನು ಮರೆಯುವುದು ಕಲಿಯುವುದಕ್ಕಿಂತ ಕಷ್ಟ. ಮೆಲ್ಲನೆಯ ಹೊಡೆತಕ್ಕೆ ಕೈ ತಾನಾಗಿ ಎಡಕ್ಕೆ ಎಳೆಯುತ್ತಿತ್ತು. ಎರಡು ವಾರ ಜಗಳವಾಡಿ ನೋಡಿದಳು, ಕೈ ಬಗ್ಗಲಿಲ್ಲ. ಕೊನೆಗೆ, ನಿರ್ಮಲಾ ಮೇಡಂ ಹೇಳಿದ್ದನ್ನೇ ಇನ್ನೊಂದು ಕಡೆಯಿಂದ ಯೋಚಿಸಿದಳು. ಜೋರಾಗಿ ಹೊಡೆದದ್ದು ತಪ್ಪುವುದಿಲ್ಲ ಎಂದಾದರೆ ಎಲ್ಲವನ್ನೂ ಜೋರಾಗಿಯೇ ಹೊಡೆದರಾಯಿತು.

ಸಂಕ್ರಾಂತಿ ಕಳೆದು ಬೆಂಗಳೂರಿನ ಟೂರ್ನಿ ಬಂತು. ಸೆಮಿಫೈನಲ್ ತಲುಪಿದರೆ ತಂಡದ ನಾಲ್ಕನೆಯ ಜಾಗ ಅವಳದೇ. ಇಂಥ ಆಟವನ್ನು ಅಲ್ಲಿದ್ದವರು ಕಂಡಿರಲಿಲ್ಲ. ಬೆಣ್ಣೆಯ ಹಾಗೆ ಜಾರಿಸಬೇಕಾದ ಚೆಂಡನ್ನೂ ಅವಳು ಗುದ್ದಿ ಕಳಿಸುತ್ತಿದ್ದಳು. ಬಿಳಿ ಚೆಂಡು ಎಲ್ಲೆಲ್ಲಿಗೋ ಓಡಿ ಕಷ್ಟದ ಜಾಗದಲ್ಲಿ ನಿಲ್ಲುತ್ತಿತ್ತು. ಅವಳು ಅಲ್ಲಿಗೆ ನಡೆದು ಹೋಗಿ, ಬಗ್ಗಿ, ಮತ್ತೆ ಗುದ್ದುತ್ತಿದ್ದಳು. ಪುಕ್ಕಲಿ ಆಡುವ ಆಟವೇ ಅಲ್ಲ ಅದು. ಕ್ವಾರ್ಟರ್ ಫೈನಲ್ಲಿನ ಕೊನೆಯ ಫ್ರೇಮಿನಲ್ಲಿ ಟೇಬಲ್ಲಿನ ಆಚೆ ತುದಿಯಲ್ಲಿದ್ದ ಗುಲಾಬಿ ಚೆಂಡು ಪಾಕೆಟ್ಟಿನ ಹಿಂಬದಿಗೆ ಬಡಿದು ಬಿದ್ದ ಸದ್ದಿಗೆ ರೆಫರಿಯೇ ಬೆಚ್ಚಿದ. ಕೋಲು ಇಳಿಸಿ ತನ್ನ ಅಂಗೈ ನೋಡಿಕೊಂಡಳು. ಬೆವರು ಕೂಡ ಇರಲಿಲ್ಲ. ಸೆಮಿಫೈನಲ್ಲಿನಲ್ಲಿ ಸೋತದ್ದು ಅವಳಿಗೆ ಲೆಕ್ಕಕ್ಕೇ ಬರಲಿಲ್ಲ; ತಂಡದ ಪಟ್ಟಿಯಲ್ಲಿ ಹೆಸರು ಬಂದಿತ್ತು.

ಸನ್ಮಾನ ಮುಂದಿನ ಭಾನುವಾರ ಬೆಳಿಗ್ಗೆ, ಕಲ್ಯಾಣ ಮಂಟಪದಲ್ಲಿ. ಬಸವರಾಜಪ್ಪನವರು ಯಾವ ಖರ್ಚಿಗೂ ಕೈ ಬಿಗಿ ಹಿಡಿಯಲಿಲ್ಲ. ಮಂಡಿಯ ವರ್ತಕರೆಲ್ಲ ಬಂದಿದ್ದರು, ಹೆಂಗಸರು ಬಂದಿದ್ದರು, ದಂಡಿನಶಿವರದಿಂದ ಅವಳ ಅಪ್ಪ ಅಮ್ಮನೂ ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದರು. ಕೇಸರಿಬಾತಿನ ತುಪ್ಪದ ಘಮ ವೇದಿಕೆಯವರೆಗೂ ಬರುತ್ತಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಮಾವ ಮೈಕಿನ ಮುಂದೆ ನಿಂತರು. ದಾನೇಶ್ವರಿ ಕುರ್ಚಿಯ ತುದಿಗೆ ಸರಿದಳು. ಅಷ್ಟು ದೂರ ಆಡಿಕೊಂಡು ಬಂದದ್ದು ಈ ಒಂದು ಮಾತಿಗೆ.

"ನಿಮಗೆಲ್ಲ ಒಂದು ಸತ್ಯ ಹೇಳ್ಬೇಕು," ಎಂದು ಅವರು ಶುರುಮಾಡಿದರು. ಗಂಟಲು ಸರಿಮಾಡಿಕೊಂಡರು. ಮುಂದಿನ ಸಾಲಿನಲ್ಲಿ ಕೂತಿದ್ದ ವರ್ತಕರ ಮೇಲೆ ಒಮ್ಮೆ ಕಣ್ಣಾಡಿಸಿದರು. ಆಮೇಲೆ ಅವರ ಮುಖ ಅಂಗಡಿಯಲ್ಲಿ ಕೂತಾಗಿನ ಮುಖವೇ ಆಯಿತು.

"ಈ ಮಗೀಗೆ ಕೈ ಇತ್ತು, ಎದೆ ಇರ್ಲಿಲ್ಲ. ಮೂರು ಕಡೆ ಹೆದರಿ ಸೋತು ಬಂದ್ಲು. ಆದ್ರೂ ನಾನು ಬುಡ್ಲಿಲ್ಲ. ಕೂರಿಸ್ಕಂಡು ಬುದ್ಧಿ ಹೇಳ್ದೆ, ಬೈದೆ, ತುಮಕೂರಿಗೆ ಕಳಿಸ್ದೆ. ಭಯ ಬಿಡಿಸ್ದೆ. ಇವತ್ತು ನೋಡಿ, ತಂಡ ಸೇರವ್ಳೆ!"

ಮೊದಲು ಚಪ್ಪಾಳೆ ತಟ್ಟಿದವನು ಜ್ಞಾನೇಶ್. ಅವಳ ಕಡೆ ನೋಡದೆ, ಗಟ್ಟಿಯಾಗಿ, ಎಲ್ಲರೂ ತಟ್ಟುವವರೆಗೂ ತಟ್ಟಿದ. ಮೂರನೆಯ ಸಾಲಿನಲ್ಲಿ ಅವಳ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಬೀಗರತ್ತ ಕೈಮುಗಿದರು.

"ನೀನೂ ಎಲ್ಡು ಮಾತಾಡು ತಾಯಿ," ಎಂದು ಮಾವ ಮೈಕನ್ನು ಅವಳ ಕೈಗೆ ಕೊಟ್ಟರು.

ಅವಳು ಎದ್ದು ನಿಂತಳು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಟೇಬಲ್ಲು ವಾಲಿತ್ತು, ಇವರಿಬ್ಬರಿಗೂ ಗೊತ್ತಿತ್ತು, ಅಷ್ಟೇ. ಎದುರಿಗೆ ಕೈಮುಗಿದು ಕೂತ ಅಮ್ಮ ಕಂಡರು, ಪಕ್ಕದಲ್ಲಿ ನಗುತ್ತ ನಿಂತ ಮಾವ ಕಂಡರು, ಕಣ್ಣು ತಪ್ಪಿಸುವ ಗಂಡ ಕಂಡ. ಸಿಟ್ಟೋ ಸಂಕಟವೋ ಅವಳಿಗೇ ತಿಳಿಯಲಿಲ್ಲ. ಕೈ ನಡುಗತೊಡಗಿತು. ತುಮಕೂರಿನಲ್ಲಿ, ಮೈಸೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಬೆಂಗಳೂರಿನಲ್ಲಿ ಒಂದು ಸಲವೂ ನಡುಗದ ಕೈ, ಮೈಕು ಹಲ್ಲಿಗೆ ತಾಗುವಷ್ಟು ನಡುಗಿತು. ಆ ಟಕಟಕ ಸದ್ದು ಸ್ಪೀಕರಿನಲ್ಲಿ ಮಂಟಪಕ್ಕೆಲ್ಲ ಕೇಳಿಸಿತು.

"ನಮಸ್ಕಾರ," ಎಂದಳು. ಮುಂದೆ ದನಿ ಹೊರಡಲಿಲ್ಲ.

ಬಸವರಾಜಪ್ಪನವರು ಅವಳ ಕೈಯಿಂದ ಮೈಕನ್ನು ಪ್ರೀತಿಯಿಂದ ಬಿಡಿಸಿಕೊಂಡರು. "ನೋಡಿದ್ರಾ," ಎಂದರು ಸಭೆಗೆ, "ಇನ್ನೂ ಒಸಿ ಉಳ್ಕಂಡೈತೆ."

ಇಡೀ ಮಂಟಪ ನಕ್ಕಿತು. ಯಾರ ನಗುವಿನಲ್ಲೂ ಕೆಟ್ಟತನವಿರಲಿಲ್ಲ. ಹಿಂದಿನ ಸಾಲಿನಿಂದ ಯಾರೋ ಹೆಂಗಸು, "ಪಾಪ," ಎಂದದ್ದು ದಾನೇಶ್ವರಿಗೆ ಸ್ಪಷ್ಟವಾಗಿ ಕೇಳಿಸಿತು.