ಪಿಸುಮಾತಿನ ಜಗಳ

ಕಾಸ್ಮೋರ್ ಲಂಗರು ಹಾಕಿದ್ದರಲ್ಲಿ ಒಂದು ತಪ್ಪೂ ಇರಲಿಲ್ಲ. ಅಯಾಂತಿಗೆ ಮೈಯೆಲ್ಲ ಉರಿದದ್ದು ಅದಕ್ಕೇ.

ದಡದಿಂದಲೇ ಎಳೆಯುವ ರಂಪಣಿ ಬಲೆಯ ಹಗ್ಗ ಹಿಡಿದು ನಿಂತೇ ಅವಳು ಎಲ್ಲವನ್ನೂ ನೋಡಿದಳು. ಬಿಸಿಲು ಬೆನ್ನಿಗೆ ಬೀಳುವ ತನಕ ಅವನು ಹೊರಗೇ ಕಾದ. ನೀರಿನಡಿಯ ಹವಳದ ದಿಬ್ಬಗಳು ಕಂದು ಬಣ್ಣದಲ್ಲಿ ಕಾಣತೊಡಗಿದ ಮೇಲೆ, ಚರ್ಚಿನ ಗೋಪುರವನ್ನೂ ಒಂಟಿ ಬಂಡೆಯನ್ನೂ ಒಂದೇ ಗೆರೆಗೆ ತಂದುಕೊಂಡು ಪ್ರವಾಸಿಗರನ್ನು ಹೊತ್ತ ಯಾಟನ್ನು ನಿಧಾನವಾಗಿ ಒಳಗೆ ತಂದ. ಐದಾಳು ನೀರಿನಲ್ಲಿ ಬಿಳಿ ಮರಳು ನೋಡಿ ಲಂಗರು ಇಳಿಸಿದ. ಸರಪಳಿ ಧಾರಾಳವಾಗಿ ಬಿಟ್ಟು, ಯಾಟನ್ನು ಹಿಂದಕ್ಕೆ ನಡೆಸಿ, ಲಂಗರು ಕಚ್ಚಿದೆಯೋ ಇಲ್ಲವೋ ಪರೀಕ್ಷಿಸಿದ. ಇದನ್ನೆಲ್ಲ ಕಲಿಸಿದವಳು ಅವಳೇ. ತಾಯಿಯಿಲ್ಲದ ಅಣ್ಣನ ಮಗನನ್ನು ಸಾಕಿ ಬೆಳೆಸಿದವಳೂ ಅವಳೇ.

ಎಲ್ಲ ಸರಿ, ಜಾಗವೊಂದನ್ನು ಬಿಟ್ಟು. ಬಲೆ ಸುತ್ತಬೇಕಾದ ನೀರಿನ ನಟ್ಟನಡುವೆ ತಂದು ನಿಲ್ಲಿಸಿದ್ದ.

ಎಂಟು ವಾರ ಬಲೆ ಖಾಲಿ ಬಂದ ಮೇಲೆ ಇವತ್ತು ಪೆಟಿ ಸಲೀನ್ ದ್ವೀಪದ ಕೊಲ್ಲಿಗೆ ಜ್ಯಾಕ್ ಮೀನಿನ ಹಿಂಡು ಬಂದಿತ್ತು. ಮೀನಿನ ಹಿಂಡಿಗಾಗಿ ಕಾವಲು ಕೂರುವ ಡೆಸ್ರಿ ಗುಡ್ಡದ ಮೇಲಿನಿಂದ ಕೆಂಪು ಬಟ್ಟೆ ಬೀಸತೊಡಗಿ ಗಂಟೆಯಾಗಿತ್ತು. ಅದು ಕಂಡರೆ ಯಾವ ದೋಣಿಯೂ ಕೊಲ್ಲಿಯೊಳಗೆ ಬರಬಾರದೆಂದು ಇಲ್ಲಿ ಆಗಷ್ಟೇ ನಡೆಯಲು ಕಲಿತ ಮಗುವಿಗೂ ಗೊತ್ತು. ಪುಣ್ಯಕ್ಕೆ ಎಂಜಿನ್ ಸದ್ದಿಗೆ ಹಿಂಡು ಹೊರಗೋಡದೆ ದಡದ ಮೂಲೆಗೆ ಒತ್ತಿಕೊಂಡಿತು. ಇನ್ನೊಂದು ಸದ್ದಾದರೆ ಮುಗಿಯಿತು. ದ್ವೀಪದಲ್ಲಿ ಉಳಿದಿದ್ದ ರಂಪಣಿ ಇದೊಂದೇ. ಎಳೆಯುವವರು ಒಬ್ಬೊಬ್ಬರಾಗಿ ಯಾಟುಗಳ ಕೆಲಸಕ್ಕೆ ಜಾರಿಕೊಂಡು ಹನ್ನೆರಡು ಜನ ಮಿಕ್ಕಿದ್ದರು. ಇವತ್ತೂ ಬಲೆ ಖಾಲಿ ಬಂದರೆ ಅವರೂ ಉಳಿಯುವುದಿಲ್ಲವೆಂದು ಅಯಾಂತಿಗೆ ಗೊತ್ತಿತ್ತು.

ಅವಳು ಹುಟ್ಟುಗಳಿಗೆ ಚಿಂದಿ ಸುತ್ತಿ, ಪುಟ್ಟ ದೋಣಿಯಲ್ಲಿ ಸದ್ದಿಲ್ಲದೆ ಹೋಗಿ ಯಾಟ್ ಹತ್ತಿದಳು. ನೆರಳಲ್ಲಿ ಕೂತಿದ್ದ ವಯಸ್ಸಾದ ಬಿಳಿಯ ಗಂಡಹೆಂಡತಿ ನಕ್ಕು ಕೈಬೀಸಿದರು. ಅವರೂ ಎರಡು ಕುರ್ಚಿಗಳೋ ಎಂಬಂತೆ ಅವಳು ದಾಟಿಹೋದಳು.

“ಅತ್ತೇ!” ಎಂದು ಕಾಸ್ಮೋರ್ ಬಾಯಿ ತೆರೆದ. ಅವಳು ಅಂಗೈಯಿಂದ ಆ ಬಾಯನ್ನು ಮುಚ್ಚಿದಳು.

“ಕೂಗಿದ್ರೆ ಹಲ್ಲು ಉದುರಿಸ್ತೀನಿ,” ಎಂದು ಪಿಸುಗುಟ್ಟಿದಳು. “ಗುಡ್ಡ ನೋಡಿದ್ಯೇನೋ, ಇಲ್ವೇನೋ?”

“ನೋಡ್ದೆ.”

“ನೋಡಿನೂ ಬಂದ್ಯಾ?”

“ಇವರಿಗೆ ದಡದ ಹತ್ರಾನೇ ಈಜ್ಬೇಕಂತೆ ಅತ್ತೆ. ಹೊರಗೆ ಅಲೆ ಜಾಸ್ತಿ, ಆಯಮ್ಮಂಗೆ ವಾಂತಿ. ಅರ್ಧ ಗಂಟೆ ತಾನೇ ಅಂತ...”

“ಊರಿಗೆ ಉಪಕಾರಿ, ಮನೆಗೆ ಮಾರಿ! ಆಯಮ್ಮನ ಹೊಟ್ಟೆ ಕಾಣ್ತು, ನಮ್ಮ ಹೊಟ್ಟೆ ಕಾಣ್ಲಿಲ್ವಾ ನಿನ್ ಕಣ್ಣಿಗೆ?”

ಸಿಟ್ಟನ್ನು ಪಿಸುಮಾತಿನಲ್ಲಿ ಕಾರುವುದು ಎಷ್ಟು ಕಷ್ಟವೆಂದು ಅವಳಿಗೆ ತಿಳಿದದ್ದು ಆವತ್ತೇ. ಕತ್ತಿನ ನರ ಉಬ್ಬಿತ್ತು, ದನಿ ಮಾತ್ರ ಏಳುವಂತಿರಲಿಲ್ಲ.

“ಎರಡೇ ನಿಮಿಷ. ಎಂಜಿನ್ ಹಾಕಿ ಆಚೆ ತಗೊಂಡ್ಹೋಗ್ತೀನಿ.”

“ಹಾಕು, ಮೀನೆಲ್ಲ ಪನಾಮಾ ಸೇರ್ಲಿ!” ಅವಳು ಎಂಜಿನ್ನಿನ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡಳು. “ಸರಪಳೀನ ಕೈಯಲ್ಲೇ ಬಿಡು, ಪೂರ್ತಿ. ಕೊನೇಲಿ ಅದನ್ನ ಯಾಟಿಗೆ ಕಟ್ಟಿರೋ ಹಗ್ಗ ಕೊಯ್ದುಬಿಡು. ಗಾಳಿನೇ ಇದನ್ನ ಆಚೆ ಒಯ್ಯುತ್ತೆ.”

“ಲಂಗರು ಬಿಟ್ಟುಹೋಗ್ಲಾ? ಯಜಮಾನ ನನ್ನ...”

“ಮರಳಲ್ಲಿ ಹೂತ ಲಂಗರು ಎಲ್ಲಿಗೂ ಓಡಲ್ಲ, ಬಲೆ ಅದರ ಮೇಲೆ ಜಾರಿಹೋಗುತ್ತೆ. ಎದ್ದು ನಿಂತ ಸರಪಳಿನೇ ಬಲೆ ಹರಿಯೋದು. ಸಾಯಂಕಾಲ ಮುಳುಗಿ ಎತ್ಕೋ. ಇನ್ನೊಂದು ಮಾತಾಡಿದ್ರೆ ನೋಡು. ಯಾರ ಹತ್ರಾನೂ ಮಾತು ಬೇಡ!”

ಕಂಬಿಯ ಮೇಲೆ ಒಣಗುತ್ತಿದ್ದ ಟವೆಲನ್ನು ಎಳೆದು ಅವಳು ಸರಪಳಿಯ ದಾರಿಗೆ ಮೆತ್ತೆ ಹಾಕಿದಳು. ಇಬ್ಬರೂ ಕೊಂಡಿ ಕೊಂಡಿಯಾಗಿ ಇಳಿಸಿದರು. ಅವನ ಅಂಗೈ ಕಿತ್ತುಬಂತು. ಬರಲಿ ಎಂದುಕೊಂಡಳು. ಹಗ್ಗ ಕೊಯ್ದದ್ದೇ ತಡ, ಯಾಟ್ ಮೂತಿ ತಿರುಗಿಸಿ ಕಡಲಿನತ್ತ ಸರಿಯತೊಡಗಿತು. ದಡದಿಂದ ಬಲೆಯ ದೋಣಿ ಹೊರಟಿತು. ಬಲೆ ಸದ್ದಿಲ್ಲದೆ ನೀರಿಗೆ ಬೀಳುತ್ತ ಬಂತು. ಅರ್ಧ ಸುತ್ತಾಯಿತು, ಮುಕ್ಕಾಲು ಸುತ್ತಾಯಿತು. ಅಯಾಂತಿ ಎಂಟು ವಾರಗಳಲ್ಲಿ ಮೊದಲ ಸಲ ನಗುವುದರಲ್ಲಿದ್ದಳು.

ಆಗ ಯಾಟಿನ ಹಿಂಬದಿಯಿಂದ ಹಾರ್ನ್ ಕೂಗಿತು. ಒಂದಲ್ಲ, ಉದ್ದಕ್ಕೆ ಮೂರು ಸಲ.

ಮೂಲೆಯ ನೀರು ಕುದಿದಂತೆ ಎದ್ದಿತು. ಬಲೆ ಇನ್ನೂ ಕೂಡದಿದ್ದ ಸಂದಿಯಿಂದ ಇಡೀ ಹಿಂಡು ಹೊರಬಿದ್ದು, ಯಾಟಿನ ಅಡಿಯಲ್ಲೇ ಹಾದು ಕಡಲು ಸೇರಿತು.

ಅಯಾಂತಿ ಹಿಂದಕ್ಕೆ ನುಗ್ಗಿದಳು. ಬಿಳಿಯ ಮುದುಕ ಕೈಹಾರ್ನನ್ನು ಎದೆಗವಚಿಕೊಂಡು ನಿಂತಿದ್ದ.

“ದಡ ದೂರ ಹೋಗ್ತಿದೆ ಅಮ್ಮಾ, ಲಂಗರು ಜಾರಿದೆ! ಜಾರಿದ್ರೆ ತಕ್ಷಣ ಹಾರ್ನ್ ಮಾಡಿ ಅಂತ ಕ್ಯಾಪ್ಟನ್ನೇ ಹೇಳಿಕೊಟ್ಟಿದ್ರು. ಸರಿಯಾಗಿ ಮಾಡ್ದೆ ತಾನೇ?”

ಅವಳು ಕಾಸ್ಮೋರನತ್ತ ತಿರುಗಿದಳು. “ಇವರಿಗೆ ಒಂದು ಮಾತು ಹೇಳೋಕೆ ಏನಾಗಿತ್ತೋ ಮುಠ್ಠಾಳ?”

“ಯಾರ ಹತ್ರಾನೂ ಮಾತಾಡ್ಬೇಡ ಅಂದ್ಯಲ್ಲ ಅತ್ತೆ.”

ಹೊಡೆಯಲು ಎತ್ತಿದ ಕೈಯನ್ನು ಎಲ್ಲಿ ಇಳಿಸಬೇಕೋ ಅವಳಿಗೆ ತಿಳಿಯಲಿಲ್ಲ. ಕೀಲಿಯನ್ನು ತೆಗೆದು ಅವನ ಎದೆಗೆ ಎಸೆದಳು. ಅವನು ಬಂಡೆಯಾಚೆ ಹೋಗಿ ಬದಲಿ ಲಂಗರು ಹಾಕಿದ. ಇಬ್ಬರೂ ಪುಟ್ಟ ದೋಣಿಯಲ್ಲಿ ದಡಕ್ಕೆ ಬಂದರು. ದಾರಿಯುದ್ದಕ್ಕೂ ಅವಳು ಬೈದಳು, ಅವನನ್ನೂ, ಆ ಮುದುಕನನ್ನೂ, ತನ್ನ ಸುಡುಗಾಡು ನಾಲಿಗೆಯನ್ನೂ.

ದಡದವರೂ ತನಗೆ ಬೈಯುತ್ತಾರೆಂದು ಅವಳು ತಯಾರಾಗಿದ್ದಳು. ಯಾರೂ ಬೈಯಲಿಲ್ಲ. ಹೆಂಗಸರು ಹಗ್ಗ ಸುತ್ತುತ್ತಿದ್ದರು. ಇಪ್ಪತ್ತು ವರ್ಷಗಳಿಂದ ಬಲೆಯ ಮುಂದಾಳಾಗಿದ್ದ ಎಲ್ಫರ್ಡ್ ಕೈ ಒರೆಸಿಕೊಂಡು, ಅವಳನ್ನು ದಾಟಿ ಕಾಸ್ಮೋರನ ಹತ್ತಿರ ಹೋದ.

“ನಿಮ್ಮ ಯಜಮಾನ್ರ ಇನ್ನೊಂದು ಯಾಟ್‌ಗೆ ಅಡಿಗೆಯವರು ಬೇಕಂತೆ, ಹೌದೇನಪ್ಪ?”

ಅಯಾಂತಿಗೆ ಅದನ್ನು ಕೇಳಿಸಿಕೊಂಡು ನಿಲ್ಲಲಾಗಲಿಲ್ಲ. ಗುಡ್ಡದತ್ತ ತಿರುಗಿದರೆ ಡೆಸ್ರಿ ಕೆಂಪು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಕೆಳಗಿಳಿದು ಬರುತ್ತಿದ್ದಳು.

“ಯಾರೇ ಇಳಿ ಅಂದೋರು ನಿಂಗೆ?” ಎಂದು ಅಯಾಂತಿ ಕೊಲ್ಲಿಯೆಲ್ಲ ಕೇಳುವಂತೆ ಕಿರುಚಿದಳು. “ಹತ್ತೇ ಮೇಲೆ! ಕತ್ತಲಾಗೋ ತನಕ ಅಲ್ಲೇ ಕೂತಿರು!”

ಡೆಸ್ರಿ ನಿಂತಳು. ದಡದಲ್ಲಿದ್ದವರನ್ನು ಒಮ್ಮೆ ನೋಡಿದಳು. ಆಮೇಲೆ ಮತ್ತೆ ಇಳಿಯತೊಡಗಿದಳು.