ಫೋನಿನಿಂದ ತೆಗೆದರೂ ಹೋಗದ ಅನುಮತಿ

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಬೆಳಗಿನಿಂದ ಮೂರು ಸಲ ಫೋನ್ ಮಾಡಿದ್ದರು. ರೋಗಿಗಳ ಮೊಬೈಲಿಗೆ ಸರದಿ ತಿಳಿಸುವ ಪ್ರೋಗ್ರಾಂ ಎರಡು ದಿನದಿಂದ ಸರದಿಯ ಬದಲು ಲಾಟರಿ ಜಾಹೀರಾತು ಕಳಿಸುತ್ತಿತ್ತು. ಪೊರೆ ತೆಗೆಸಬೇಕಿದ್ದ ಅಜ್ಜಿಯೊಬ್ಬರು ಸರದಿ ತಪ್ಪಿ ವಾಪಸು ಹೋಗಿದ್ದರು. “ಸಂಜೆಯೊಳಗೆ ಸರಿ ಮಾಡಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ” ಎಂದಿದ್ದರು.

ಆ ಪ್ರೋಗ್ರಾಂ ಬರೆದವರು ಮೂವರು: ಗಂಡ, ಹೆಂಡತಿ, ಹೆಂಡತಿಯ ತಂಗಿ. ಬೀಗದ ಕೈ ಮಾಡುವ ಅಂಗಡಿಯ ಮೇಲಿನ ಒಂದು ಕೋಣೆಯೇ ಅವರ ಆಫೀಸು.

“ಭಾವ, ಈ ಜಾಹೀರಾತು ಕಳಿಸೋ ಸಾಲು ನಮ್ಮ ಕೋಡಿಗೆ ನಿಮ್ಮ ಹೆಸರಲ್ಲೇ ಸೇರಿದೆ. ಮೊನ್ನೆ ಮಧ್ಯಾಹ್ನ” ಎಂದಳು ತಂಗಿ.

“ಆಗ ನಾನು ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರ್ಕೊಂಡು ಕೂತಿದ್ದೆನಮ್ಮ.”

“ಹಾಗಾದ್ರೆ ನಮ್ಮ ಕೋಡ್ ಇಟ್ಟಿರೋ ರೆಪಾಸಿಟರಿಗೆ ಯಾವ ಆ್ಯಪ್‌ನ ಬಿಟ್ಕೊಂಡಿದ್ದೀರಿ?”

“ಯಾವುದೂ ಇಲ್ಲ.”

ಹೆಂಡತಿ ತಲೆ ಎತ್ತದೆ ಹೇಳಿದಳು: “ನಮ್ಮಿಬ್ಬರಲ್ಲಿ ಯಾರು ಹೆಚ್ಚು ಸಾಲು ಬರೀತಾರೆ ಅಂತ ಎಣಿಸೋಕೆ ಒಂದು ಆ್ಯಪ್ ತಂದಿದ್ರಲ್ಲ. ನಾನು ಗೆದ್ದೆ, ಮೂತಿ ಊದಿಸ್ಕೊಂಡ್ರಿ.”

“ಅದನ್ನ ಅವತ್ತೇ ಫೋನಿಂದ ಕಿತ್ತು ಹಾಕಿದೆ ಕಣೇ.”

ತಂಗಿ ಹಣೆ ಚಚ್ಚಿಕೊಂಡಳು. “ಫೋನಿಂದ ಕಿತ್ತರೆ ಏನು ಬಂತು ಭಾವ? ಬಾಡಿಗೆಯವರನ್ನ ಬಿಡಿಸಿ, ಬೀಗದ ಕೈ ಅವರ ಜೇಬಲ್ಲೇ ಬಿಟ್ಟ ಹಾಗಾಯ್ತು. ಅನುಮತಿ ಕೊಟ್ಟಿದ್ದು ರೆಪಾಸಿಟರಿ ಖಾತೇಲಿ. ಅಲ್ಲೇ ಹಿಂದಕ್ಕೆ ತಗೋಬೇಕು.”

ಖಾತೆಯ ಸೆಟ್ಟಿಂಗ್ಸ್ ತೆರೆದರು. ಒಂದಲ್ಲ, ಹದಿನಾಲ್ಕು ಆ್ಯಪ್‌ಗಳಿದ್ದವು. ಎಣಿಸುವ ಆ್ಯಪ್‌ಗೆ ಎಲ್ಲ ರೆಪಾಸಿಟರಿಗಳನ್ನೂ ಓದುವ, ಬರೆಯುವ ಅನುಮತಿ ಇತ್ತು.

“ಎಣಿಸೋಕೆ ಬಂದವರಿಗೆ ಬರೆಯೋ ಕೆಲಸ ಏನಿತ್ತು?” ಎಂದಳು ತಂಗಿ.

“ಅದು ಕೇಳ್ತು, ನಾನು ಹೂಂ ಅಂದೆ.”

“ಹದಿನೈದು ವರ್ಷದಲ್ಲಿ ನನ್ನ ಮಾತಿಗೆ ಒಂದು ಸಲ ಹೂಂ ಅಂದಿಲ್ಲ” ಎಂದಳು ಹೆಂಡತಿ.

ಭಾವ ಹನ್ನೆರಡು ಆ್ಯಪ್‌ಗಳ ಅನುಮತಿ ತೆಗೆದ. ತಂಗಿ ಆ ಸಾಲು ಅಳಿಸಿ, ಕೋಡಿನೊಳಗಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ, ಆದದ್ದನ್ನೆಲ್ಲ ಡಾಕ್ಟರಮ್ಮನಿಗೆ ಬರೆದು ಕಳಿಸಿದಳು. ನಾಲ್ಕು ಗಂಟೆಗೆ ಡಾಕ್ಟರಮ್ಮ ಮತ್ತೆ ಫೋನ್ ಮಾಡಿದರು. “ಅಜ್ಜಿಗೆ ನಾಳೆಯ ಸರದಿಯ ಮೆಸೇಜು ಸರಿಯಾಗಿ ಹೋಗಿದೆ. ಉಳಿದ ಎರಡು ಆ್ಯಪ್ ಯಾಕೆ ಬೇಕು, ಬರೆದು ಕಳಿಸಿ.” ಭಾವ ಕೂತು ಬರೆದ. ಒಂದಕ್ಕೆ ಕಾರಣವೇ ಹೊಳೆಯಲಿಲ್ಲ. ಅದನ್ನೂ ತೆಗೆದ.

ನೀವೂ ಇವತ್ತೇ ನಿಮ್ಮ ಖಾತೆಯಲ್ಲಿ ಅನುಮತಿ ಪಡೆದ ಆ್ಯಪ್‌ಗಳ ಪಟ್ಟಿ ತೆರೆಯಿರಿ. ಯಾಕೆ ಬೇಕೆಂದು ಹೇಳಲಾಗದ ಆ್ಯಪ್‌ನ ಅನುಮತಿ ತೆಗೆಯಿರಿ. ಹೊಸದು ಕೇಳಿದರೆ, ಬೇಕಾದ ಒಂದು ರೆಪಾಸಿಟರಿಗೆ, ಬೇಕಾದಷ್ಟೇ ಕೊಡಿ. ನೀವು ಓದದೆ ಒತ್ತಿದ ಒಂದು ಗುಂಡಿಗೆ ಇನ್ಯಾರದೋ ಅಜ್ಜಿ ಸರದಿ ಕಳೆದುಕೊಳ್ಳುವುದು ಬೇಡ.