ಹೌದು, ಇದ್ದೇನೆ

ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ನಿಂತಿದ್ದಾರೆ ನಮ್ಮ ಕಚೇರಿಯ ಮೇಡಂ, ಅಕ್ಷರಗಳೆಲ್ಲ ಅವರ ಮುಖದ ಮೇಲೆ ಹರಡಿವೆ, ಹಣೆಯ ಮೇಲೆ ಯಾರದೋ ಇಮೇಲ್ ವಿಳಾಸದ ಬಾಲ, ಗದ್ದದ ಮೇಲೆ ಒಂದು ಹಸಿರು ಚುಕ್ಕೆ, ಮಾತಾಡಿದಂತೆಲ್ಲ ಆ ಚುಕ್ಕೆ ಕುಣಿಯುತ್ತದೆ, ರಿಜಿಸ್ಟ್ರಾರ್ ಸಾಹೇಬರಿಗೆ ಹೇಳುತ್ತಿದ್ದಾರೆ, ನೋಡಿ ಸರ್, ಒಂಬತ್ತನೇ ಕ್ಲಾಸಿಗೆ ಓದು ಬಿಟ್ಟೋನನ್ನ ತಂದು ಯೂನಿವರ್ಸಿಟಿ ಕಂಪ್ಯೂಟರ್ ಮುಂದೆ ಕೂರಿಸಿದ್ರೆ ಇದೇ ಗತಿ, ಸತ್ತ ಅಕ್ಕನ ಕೈಲೂ ಬಟನ್ ಒತ್ತಿಸಿದ್ದಾನೆ ಇವನು — ಉದ್ದ ಮೇಜಿನ ಆ ತುದಿಯಲ್ಲಿ ಯಾರೋ ಕಿಸಕ್ಕೆಂದರು, ಯಾವುದೋ ವಿಭಾಗದ ಮುಖ್ಯಸ್ಥ, ಬಿಸ್ಕತ್ತು ಬಾಯಲ್ಲಿಟ್ಟುಕೊಂಡೇ ನಕ್ಕ, ಪುಡಿ ಅಂಗಿಯ ಮೇಲೆ ಉದುರಿತು, ನಾನು ಗೋಡೆಗೆ ಒರಗಿ ನಿಂತಿದ್ದೇನೆ, ಗುತ್ತಿಗೆಯವನಿಗೆ ಸಭೆಯಲ್ಲಿ ಎಂಥ ಕುರ್ಚಿ, ಪರದೆಯ ಮೇಲೆ ಓದುಗರ ಪಟ್ಟಿ, ಮೊದಲನೇ ಸಾಲಿನಲ್ಲಿ ಅಕ್ಕನ ಹೆಸರು, ಪಕ್ಕದಲ್ಲಿ ಆ ಹಸಿರು ಚುಕ್ಕೆ, ಚುಕ್ಕೆಯ ಮುಂದೆ ಹೌದು, ಇದ್ದೇನೆ. ಇಮೇಲ್ ಕಳಿಸುವ ಹೊಸ ಟೂಲ್ ಮಾರಲು ಬಂದವನು ಬಾಯಿ ತೆರೆದು ನಿಂತಿದ್ದಾನೆ ಪಾಪ, ಈಗಷ್ಟೇ ಅದೇ ಹೆಸರಿಗೆ ಬಾಣದ ಗುರುತು ತಂದಿಟ್ಟು ಹೇಳಿದ್ದ, ಇಂಥ ಓದುಗರೇ ನಿಮ್ಮ ಆಸ್ತಿ ಸರ್, ಕೇಳಿದ ತಕ್ಷಣ ಹೌದು ಅಂದಿದ್ದಾರೆ, ಇಂಥೋರನ್ನ ಮಾತ್ರ ಕಳ್ಕೋಬೇಡಿ — ಕಳ್ಕೋಬೇಡಿ ಅಂತೆ, ಯಾರಿಗೆ ಹೇಳುತ್ತೀಯ ಮಾರಾಯ, ಆಸ್ಪತ್ರೆಯ ಹಸಿರು ಪರದೆ ಸರಿಸಿ ನರ್ಸಮ್ಮ ಹೊರಗೆ ಬಂದಾಗ ನೀನೆಲ್ಲಿದ್ದೆ, ಆಗ ಬಂದು ಹೇಳಬೇಕಿತ್ತು.

ಈ ವಾರಪತ್ರ ಅಕ್ಕನದು, ಮೇಡಂದಲ್ಲ, ಯೂನಿವರ್ಸಿಟಿಯ ಸುದ್ದಿಯನ್ನೆಲ್ಲ ಇಮೇಲಿನಲ್ಲಿ ಕಟ್ಟಿ ಮೇಷ್ಟ್ರುಗಳಿಗೆ, ಹಳೆಯ ವಿದ್ಯಾರ್ಥಿಗಳಿಗೆ, ನಿವೃತ್ತರಿಗೆ ಕಳಿಸುವುದು, ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಅವಳೇ ಶುರು ಮಾಡಿದ್ದು, ಸಿಕ್ಕ ಸಿಕ್ಕ ಟೂಲನ್ನೆಲ್ಲ ತಡಕಾಡಿ ಒಂದನ್ನು ಆರಿಸಿಕೊಂಡು ಬಂದು, ಲೋ ಗೂಬೆ, ಇದು ನಿನ್ನಂಥವನಿಗೂ ಅರ್ಥ ಆಗತ್ತೆ ಕಣೋ, ಎಳಿ, ಬಿಡು, ಕಳಿಸು, ಅಷ್ಟೇ, ಅಂತ ನಗಾಡಿದ್ದಳು, ನಾನು ಆಗ ಛಾಪಖಾನೆಯಲ್ಲಿ ಕಾಗದ ಹೊರುತ್ತಿದ್ದೆ, ಮನೆಯಲ್ಲಿ ಒಬ್ಬರಾದರೂ ಓದಲಿ ಅಂತ ಶಾಲೆಯ ಚೀಲ ಮೂಲೆಗೆಸೆದವನು, ಓದಿದವಳು ಅವಳು. ಕಳಿಸುವ ಮುಂಚೆ ಯಾವಾಗಲೂ ತನಗೇ ಒಂದು ಕಳಿಸಿಕೊಳ್ಳುವಳು, ಫೋನಿನಲ್ಲಿ ತೆರೆದು, ಚಿತ್ರ ಸೊಟ್ಟಗಿದೆಯಾ, ಹೆಸರು ಸರಿಯಾಗಿ ಬಂದಿದೆಯಾ ನೋಡಿ, ಆಮೇಲೆ ಊರಿಗೆಲ್ಲ, ಮನೆಯವರು ಉಪ್ಪು ನೋಡಿದ ಮೇಲೆ ತಾನೇ ನೆಂಟರಿಗೆ ಬಡಿಸೋದು ಅನ್ನುವಳು. ಅವಳು ಹೋದ ಮೇಲೆ ಆ ಮೇಜಿಗೆ ನಾನು ಬಂದೆ, ಅವಳ ಕುರ್ಚಿ, ಅವಳ ಲೋಟ, ಪಟ್ಟಿಯ ಮೊದಲನೇ ಸಾಲನ್ನು ಮುಟ್ಟಲಿಲ್ಲ, ಬುಧವಾರ ಬಂತೆಂದರೆ ಮೊದಲು ಅಕ್ಕನಿಗೆ, ಆಮೇಲೆ ಊರಿಗೆ, ಮನೆಯಲ್ಲಿ ಅಮ್ಮ ಅವಳ ಫೋನನ್ನು ಇವತ್ತಿಗೂ ಸಾಯಲು ಬಿಟ್ಟಿಲ್ಲ, ಅಡುಗೆಮನೆಯ ಗೂಡಿನಲ್ಲಿ ಚಾರ್ಜಿಗೆ ಸಿಕ್ಕಿಸಿಯೇ ಇರುತ್ತಾಳೆ, ಬುಧವಾರ ಅದು ಟಿಣ್ ಅನ್ನುತ್ತದೆ, ಅಮ್ಮ ತೆರೆಯುವುದಿಲ್ಲ, ತಲೆ ಎತ್ತುತ್ತಾಳೆ ಅಷ್ಟೇ, ಮಗಳು ಕೆಲಸಕ್ಕೆ ಕೂತಳು ಅನ್ನುವ ಹಾಗೆ, ಮತ್ತೆ ತನ್ನ ಪಾಡಿಗೆ ಪಾತ್ರೆ, ನಲ್ಲಿ, ಬೆಂಕಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಕಳಿಸು ಅಂದಿದ್ದು ಯಾರು, ಮೇಡಂನ ಇದೇ ಬಾಯಿ ಅಲ್ಲವಾ, ಓದದೇ ಇರೋರಿಗೂ ತಲೆ ಲೆಕ್ಕದಲ್ಲಿ ದುಡ್ಡು ಕಟ್ತಾ ಇದೀವಿ ಕಣಯ್ಯ, ಅವರಿಗೆಲ್ಲ ಒಂದು ಮೇಲ್ ಹಾಕು, ಇದ್ದೀರಾ ಅಂತ ಕೇಳು, ಉತ್ತರ ಕೊಡದೋರನ್ನ ಕಿತ್ತು ಹಾಕು, ನಾನೆಂದೆ, ಮೇಡಂ, ಇದರಲ್ಲಿ ತೀರಿಕೊಂಡೋರೂ ಇದ್ದಾರೆ, ಅಯ್ಯೋ ತೀರಿಕೊಂಡೋರು ಬಂದು ಮೇಲ್ ನೋಡ್ತಾರಾ, ಹಾಕು ಸುಮ್ನೆ. ಹಾಕಿದೆ, ವರ್ಷದಿಂದ ಪತ್ರ ತೆರೆಯದವರನ್ನೆಲ್ಲ ಟೂಲೇ ಹುಡುಕಿಕೊಂಡಿತು, ಮೇಲೆ ಅವರವರ ಹೆಸರು, ಕೆಳಗೆ, ನಿಮ್ಮನ್ನು ಕಾಣದೆ ಬಹಳ ದಿನವಾಯಿತು, ಇನ್ನೂ ಇದ್ದೀರಾ, ಅದರ ಕೆಳಗೆ ಒಂದೇ ಒಂದು ಹಸಿರು ಬಟನ್, ಹೌದು, ಇದ್ದೇನೆ — ತೀರಿಹೋದ ಗಣಿತದ ಮೇಷ್ಟ್ರ ಹೆಂಡತಿ ಅದನ್ನು ಪ್ರಿಂಟ್ ತೆಗೆಸಿಕೊಂಡು ಕಚೇರಿಗೆ ಬಂದರು, ಅವರನ್ನ ಯಾಕಪ್ಪಾ ಹೀಗೆ ಕರೆದಿರಿ ಅಂದರು, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಬೈಯಲಿಲ್ಲ, ನೀರು ಕೊಟ್ಟೆ, ಲೋಟ ಹಿಡಿದೇ ಕೂತಿದ್ದರು, ಕುಡಿಯಲಿಲ್ಲ, ದೂರು ರಿಜಿಸ್ಟ್ರಾರ್ ಸಾಹೇಬರ ತನಕ ಹೋಯಿತು, ಅದಕ್ಕೇ ಈ ಸಭೆ, ಈ ಬಿಸ್ಕತ್ತು, ಹಳೇ ಟೂಲ್ ಇರಲೋ ಹೊಸದು ಬರಲೋ ಅನ್ನುವ ಈ ನಾಟಕ, ಮೇಡಂ ಇನ್ನೂ ನಿಲ್ಲಿಸಿಲ್ಲ, ಇವನು ಯಾಕೆ ಒತ್ತಿದ ಅಂದ್ರೆ ಸರ್, ಜಾಸ್ತಿ ಜನ ಹೌದು ಅಂದ್ರೆ ಹಳೇದೇ ಉಳಿಯುತ್ತೆ, ಹಳೇದು ಉಳಿದ್ರೆ ಇವನೂ ಉಳೀತಾನೆ, ಹೊಸದಕ್ಕೆ ಇವನ ಅವಶ್ಯಕತೆಯೇ ಇಲ್ಲ ನೋಡಿ — ನಾಲಿಗೆಗೆ ಎಲುಬಿಲ್ಲ, ಹೇಗೆ ತಿರುಗಿಸಿದರೂ ತಿರುಗುತ್ತದೆ, ಆ ಚುಕ್ಕೆ ಮೊದಲು ಕಂಡ ದಿನ ನನಗೇನಾಯಿತು ಅಂತ ಈ ಮೇಡಂಗೇನು ಗೊತ್ತು, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಿದ್ದೆ, ಹಿಡಿಯ ಮೇಲೆ ಅಕ್ಕನ ಉಗುರಿನ ಗೀರು ಇನ್ನೂ ಇದೆ, ಎಲ್ಲಿದ್ದೀಯೇ, ಅಂದುಬಿಟ್ಟಿದ್ದೆ ಜೋರಾಗಿ, ಪಕ್ಕದ ಟೈಪಿಸ್ಟಮ್ಮ, ಫೋನಾ, ಅಂದಳು, ಹೂಂ ಫೋನು, ಅಂದೆ.

ಅವತ್ತು ಓಡಿದಂತೆ ಮನೆಗೆ ಹೋದರೆ ಅಮ್ಮ ಪಾತ್ರೆ ತೊಳೆಯುತ್ತಿದ್ದಾಳೆ, ತಿರುಗದೆಯೇ ಹೇಳುತ್ತಾಳೆ, ಅವಳನ್ನ ಕೇಳಿದ್ರು ಕಣೋ, ಹೆಸರು ಹಿಡಿದು ಕೇಳಿದ್ರು, ಇದ್ದೀರಾ ಅಂತ, ಫೋನಿನ ಮೇಲೇ ಕಾಣ್ತು, ಅದಕ್ಕೇ ತೆರೆದೆ, ಇಷ್ಟು ದಿನ ಯಾರು ಕೇಳಿದಾರೆ ಹೇಳು, ನನ್ನ ಮುಖ ನೋಡ್ತಾರೆ, ಮಾತು ತಿರುಗಿಸ್ತಾರೆ, ಅವಳ ಹೆಸರೆತ್ತಿದ್ರೆ ನಾನೇನು ಒಡೆದು ಹೋಗ್ತೀನಾ, ಅದಕ್ಕೆ ನೀನು ಒತ್ತಿಬಿಟ್ಯಾ ಅಮ್ಮ, ಒದ್ದೆ ಕೈ ಕಣೋ, ಒತ್ತಿದ್ರೆ ಹಿಡೀಲೇ ಇಲ್ಲ ಹಾಳಾದ್ದು, ಒರೆಸಿಕೊಂಡು ಮತ್ತೆ ಒತ್ತಿದೆ, ಹಾಗೆ ಒತ್ತಬಹುದಾ ಅಮ್ಮ, ಮತ್ತೇನು ಮಾಡ್ಲೋ, ಇಲ್ಲ ಅನ್ನೋಕೆ ಬಟನ್ನೇ ಇರ್ಲಿಲ್ಲ — ಈಗ ರಿಜಿಸ್ಟ್ರಾರ್ ಸಾಹೇಬರು ಕನ್ನಡಕ ತೆಗೆದು ನನ್ನತ್ತ ನೋಡುತ್ತಿದ್ದಾರೆ, ಮೆತ್ತಗಿನ ದನಿ, ಹೇಳಪ್ಪ, ನೀನಲ್ಲ ಅಂದ್ರೆ ಮತ್ಯಾರು ಒತ್ತಿದ್ದು, ಹೆಸರು ಹೇಳಿಬಿಡು, ನಿನ್ನ ಕೆಲಸದ ವಿಚಾರ ಆಮೇಲೆ ನೋಡೋಣ, ಎರಡೇ ಅಕ್ಷರ, ಹಲ್ಲಿನ ಹಿಂದೆ ಬಂದು ನಿಂತಿದೆ, ಹೇಳಿದರೆ ಕೆಲಸ ಉಳಿಯುತ್ತದೆ, ಹೇಳಿದರೆ ಅಮ್ಮನನ್ನು ಇಲ್ಲಿಗೇ ಕರೆಸುತ್ತಾರೆ, ಈ ಉದ್ದ ಮೇಜಿನ ಮುಂದೆ, ಯಾಕಮ್ಮಾ ಸುಳ್ಳು ಒತ್ತಿದ್ದು ಅಂತ ಕೇಳುತ್ತಾರೆ, ಅವಳು ಉತ್ತರ ಹೇಳುವ ಮುಂಚೆ ಕೈ ಒರೆಸಿಕೊಳ್ಳುತ್ತಾಳೆ, ಒಣಗಿದ್ದರೂ ಒರೆಸಿಕೊಳ್ಳುತ್ತಾಳೆ, ಬಿಸ್ಕತ್ತಿನವನು ನಗುತ್ತಾನೆ, ಕೊಲ್ಲುತ್ತೇನೆ ಅವನನ್ನು, ಸೇಲ್ಸಿನವನು ಬಾಣವನ್ನು ಮೊದಲನೇ ಸಾಲಿಗೆ ತಂದಿಟ್ಟಿದ್ದಾನೆ, ಅಕ್ಕನ ಹೆಸರು ನೀಲಿಯಾಯಿತು, ತೆಗೆದುಬಿಡ್ಲಾ ಮೇಡಂ, ಅನ್ನುತ್ತಿದ್ದಾನೆ, ತೆಗೀರಿ, ಅಂದವರು ನನ್ನತ್ತ ತಿರುಗಿ, ಏನೋ, ಸಾಹೇಬ್ರು ಕೇಳ್ತಿರೋದು ನಿನ್ನನ್ನೇ, ಇದ್ದೀಯೇನೋ ಇಲ್ಲಿ — ಗೋಡೆ ಬೆನ್ನಿಗೆ ತಣ್ಣಗಿತ್ತು, ಬಿಟ್ಟೆ, ಬಾಗಿಲಿನ ಹಿಡಿ ಇನ್ನೂ ತಣ್ಣಗಿದೆ, ಹಿಂದಿನಿಂದ ಏಯ್, ಏಯ್, ನೋಡಿದ್ರಾ ಸರ್ ಸೊಕ್ಕು, ಕೂಗಿಕೊಳ್ಳಲಿ, ಕಾರಿಡಾರಿನ ಟ್ಯೂಬ್‌ಲೈಟು ಮಿಣುಕುತ್ತಿದೆ, ನನ್ನ ಚಪ್ಪಲಿಯದೇ ಸದ್ದು, ಮೆಟ್ಟಿಲು, ಮೆಟ್ಟಿಲು, ಈ ಬುಧವಾರ ಟಿಣ್ ಅನ್ನುವುದಿಲ್ಲ, ಅಮ್ಮ ಕಾಯುತ್ತಾಳೆ, ನಲ್ಲಿ ನಿಲ್ಲಿಸಿ ಕಿವಿಗೊಡುತ್ತಾಳೆ, ಆಮೇಲೆ ಗೂಡಿನಿಂದ ಫೋನು ತೆಗೆದು ತಾನೇ ಹುಡುಕುತ್ತಾಳೆ, ಆ ಹಳೆಯ ಪತ್ರ, ಆ ಹೆಸರು, ಆ ಹಸಿರು ಬಟನ್, ಅದರ ಮೇಲೆ ಅವಳ ಒದ್ದೆ ಹೆಬ್ಬೆರಳು, ಹಿಡಿಯುವುದಿಲ್ಲ, ಒರೆಸಿಕೊಳ್ಳುತ್ತಾಳೆ, ಮತ್ತೆ ಹೆಬ್ಬೆರಳು, ಹಿಡಿಯುವುದಿಲ್ಲ, ಒರೆಸಿಕೊಳ್ಳುತ್ತಾಳೆ, ಮತ್ತೆ ಹೆಬ್ಬೆರಳು —